ಅಕ್ಕ ಬಿಟ್ಟು ಬಂದ ಬುತ್ತಿ

ನಾನು ಚಿಕ್ಕವನಿದ್ದಾಗಲೂ ದೋಹಾ ಹತ್ತಿರದ ಈ ಅಲ್ ವಕ್ರಾದಲ್ಲಿ ಸಮುದ್ರ ಇತ್ತು, ಮಕ್ಕಳೇ. ನೀವು ಫೋಟೋ ತೆಗೆಯಲು ಶುರುಮಾಡಿದ ಮೇಲೆ ಬಂದದ್ದಲ್ಲ ಅದು. ಹಳೆಯದರಂತೆ ಕಾಣಲಿ ಎಂದು ಹೊಸದಾಗಿ ಕಟ್ಟಿದ ಅಂಗಡಿಸಾಲು ಆಗ ಇರಲಿಲ್ಲ. ನಿಜವಾಗಿಯೂ ಹಳೆಯದಾದ ಮಣ್ಣಿನ ಮನೆಗಳಿದ್ದವು, ದಡಕ್ಕೆ ಎಳೆದಿಟ್ಟ ಮರದ ದೋಣಿಗಳಿದ್ದವು, ಒಣಗಲು ಹರಡಿದ ಬಲೆಗಳ ಉಪ್ಪುಪ್ಪು ವಾಸನೆ ಇತ್ತು. ಅವುಗಳ ಮುಂದೆ ನಿಂತು ಯಾರೂ ಹಲ್ಲು ಕಿರಿಯುತ್ತಿರಲಿಲ್ಲ.

ನನ್ನ ಅಪ್ಪ ದೋಹಾದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಚಳಿಗಾಲದ ಶುಕ್ರವಾರಗಳಲ್ಲಿ ಗ್ಯಾರೇಜಿನ ಪಿಕಪ್ ಕೇಳಿ ತಂದು ನಮ್ಮನ್ನು ಇಲ್ಲಿಗೆ ಕರೆತರುತ್ತಿದ್ದರು. ಅಪ್ಪನಿಗೆ ಹೊಟೇಲೆಂದರೆ ತಾತ್ಸಾರ. ಹೊಟೇಲಿನ ಗ್ಲಾಸು, ಹೊಟೇಲಿನ ಎಣ್ಣೆ, ಹೊಟೇಲಿಗೆ ಹೋಗುವ ಜನ, ಯಾವುದನ್ನು ಕಂಡರೂ ಮೂಗು ಮುರಿಯುತ್ತಿದ್ದರು. ಹಾಗಾಗಿ ನಮ್ಮ ತಿರುಗಾಟದ ದಿನ ಅಮ್ಮ ಬೆಳಕು ಹರಿಯುವ ಮೊದಲೇ ಎದ್ದು ನೀರುದೋಸೆ ಹುಯ್ಯಬೇಕು, ಕೋಳಿ ಗಸಿ ಮಾಡಬೇಕು, ಅಂಜಲ್ ಮೀನು ಹುರಿಯಬೇಕು. ಎಲ್ಲವನ್ನೂ ಪಾತ್ರೆಗೆ ತುಂಬಿ, ಹಳೆಯ ಪಂಚೆಯಲ್ಲಿ ಗಂಟು ಕಟ್ಟಬೇಕು. ದಡದಲ್ಲಿ ಗಾಳಿಗೆ ಹಾರುವ ಸೆರಗು ಹಿಡಿದುಕೊಂಡು ಬಡಿಸಬೇಕು. ನಮ್ಮೆಲ್ಲರದು ಆದ ಮೇಲೆ ಉಳಿದ ಬಾಲದ ತುಂಡನ್ನು ನಿಂತೇ ತಿಂದು, ಮರಳು ಹಾಕಿ ಪಾತ್ರೆ ತಿಕ್ಕಬೇಕು. ನಾವು ಅಲೆಗಳಲ್ಲಿ ಕುಣಿಯುವಾಗ ನಮಗೆ ಕಾಣುತ್ತಿದ್ದುದು ಅಮ್ಮನ ಬೆನ್ನು ಮಾತ್ರ. ಇಷ್ಟಕ್ಕೆಲ್ಲ ಅಪ್ಪ ಇಟ್ಟ ಹೆಸರು 'ರಜೆ'.

ಒಂದು ಶುಕ್ರವಾರ ಆ ಗಂಟನ್ನು ಪಿಕಪ್ಪಿನಲ್ಲಿ ಇಡುವ ಕೆಲಸ ಅಕ್ಕನ ಪಾಲಿಗೆ ಬಂತು. ದಡದಲ್ಲಿ ಚಾಪೆ ಹಾಸಿ, ಆಡಿ ದಣಿದು, ಹೊಟ್ಟೆ ತಾಳ ಹಾಕತೊಡಗಿದ ಮೇಲೆ ನೋಡಿದರೆ ಗಂಟೇ ಇಲ್ಲ.

"ಅಡುಗೆಮನೆ ಬಾಗಿಲ ಹಿಂದೆ ಉಂಟು" ಎಂದಳು ಅಕ್ಕ.

ಅಪ್ಪ ಕೆಂಡವಾದರು. "ತಲೆಯಲ್ಲಿ ಎಂತ ತುಂಬಿಸಿಕೊಂಡಿದ್ದೀ ನೀನು? ಖಲಾಸ್, ನಡೀರಿ ಮನೆಗೆ!"

ಅಮ್ಮ ಆಗಲೇ ಚಾಪೆ ಮಡಚತೊಡಗಿದ್ದಳು. ಅಕ್ಕ ಹೋಗಿ ಆ ಚಾಪೆಯ ಇನ್ನೊಂದು ತುದಿಯಲ್ಲಿ ಕೂತುಬಿಟ್ಟಳು.

"ಮನೆಗೆ ಹೋದ್ರೆ ಅಮ್ಮ ಪುನಃ ಬಿಸಿ ಮಾಡ್ಬೇಕು, ಪುನಃ ಬಡಿಸ್ಬೇಕು. ನಾನು ಮರೆತದ್ದಲ್ಲ ಅಪ್ಪಾ, ಬೇಕಂತಲೇ ಬಿಟ್ಟು ಬಂದದ್ದು. ಒಂದು ದಿನ ಅಮ್ಮ ಕೂತು ಊಟ ಮಾಡ್ಲಿ."

ಅಪ್ಪನಿಗೆ ಎದುರು ಮಾತಾಡಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಈಗ ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ. ಕಣ್ಣು ತೆರೆದಾಗ ಅಪ್ಪ ಚಪ್ಪಲಿ ಮೆಟ್ಟಿ ಪೇಟೆಯ ಕಡೆ ಹೊರಟಿದ್ದರು. ನಾವೂ ಹಿಂದೆಯೇ ಹೋದೆವು.

ಪೇಟೆಯಲ್ಲಿ ಇದ್ದದ್ದು ಒಬ್ಬ ಮಲಯಾಳಿ ಕಾಕಾನ ಪುಟ್ಟ ಹೊಟೇಲು. ಅದೂ ಶುಕ್ರವಾರದ ನಮಾಜು ಮುಗಿಯುವ ತನಕ ಶಟರ್ ಎಳೆದುಕೊಂಡಿತ್ತು. ಜೀವಮಾನವಿಡೀ ಹೊಟೇಲನ್ನು ಹೀಯಾಳಿಸಿದ ಅಪ್ಪ, ಹೊಟೇಲಿನ ಬಾಗಿಲು ಯಾವಾಗ ತೆರೆದೀತೋ ಎಂದು ಬಿಸಿಲಿನಲ್ಲಿ ಕಾಯುತ್ತಿದ್ದರು. ನನಗೆ ನಗು ಬಂತು. ಅಕ್ಕ ತೊಡೆಗೆ ಚಿವುಟಿದಳು.

ಒಳಗೆ ಹೋದ ಮೇಲೂ ಅಪ್ಪ ಸುಮ್ಮನಿರಲಿಲ್ಲ. ತಟ್ಟೆಯನ್ನು ಕರವಸ್ತ್ರದಲ್ಲಿ ಒರೆಸಿದರು, ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಮೀನಿನ ಸಾರು ಬಂದಾಗ, "ಇದು ಸಾರಾ? ಮೀನಿಗೆ ಸ್ನಾನ ಮಾಡಿಸಿದ ನೀರು" ಎಂದರು. ಅಮ್ಮನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಹುರಿದ ಮೀನಿನ ತಟ್ಟೆ ಕಂಡದ್ದೇ ಬಡಿಸಲು ಎದ್ದಳು. ಅಕ್ಕ ಸೆರಗು ಹಿಡಿದು ಕೂರಿಸಿದಳು. ಕಾಕಾ ನಗುತ್ತಾ ನಡುವಿನ ದೊಡ್ಡ ತುಂಡನ್ನು ಮೊದಲು ಅಮ್ಮನ ತಟ್ಟೆಗೇ ಹಾಕಿದ. ಬಿಸಿ ಎಣ್ಣೆ ಇನ್ನೂ ಚುರುಗುಡುತ್ತಿತ್ತು, ಮೆಣಸಿನ ಘಾಟು ಮೂಗಿಗೆ ಅಡರುತ್ತಿತ್ತು. ಅಮ್ಮ ನಿಧಾನವಾಗಿ, ಮುಳ್ಳು ಬಿಡಿಸಿ ಬಿಡಿಸಿ ತಿಂದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಇನ್ನೊಂದು ತುಂಡು ಸಿಗಬಹುದಾ?"

ಅಮ್ಮ ತನಗೆಂದು ಏನನ್ನಾದರೂ ಕೇಳಿದ್ದನ್ನು ನಾನು ಕೇಳಿಸಿಕೊಂಡದ್ದು ಅದೇ ಮೊದಲು. ಅಪ್ಪ ತಲೆ ತಗ್ಗಿಸಿ ಪರೋಟ ಮುರಿಯುತ್ತಿದ್ದರು. ಮತ್ತೆ ಹೊಟೇಲಿನ ಬಗ್ಗೆ ಚಕಾರ ಎತ್ತಲಿಲ್ಲ. ಆ ಸಂಜೆ ತಿಕ್ಕಲು ಪಾತ್ರೆಗಳಿರಲಿಲ್ಲ. ಅಮ್ಮ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗಿಳಿದು, ಹುಡುಗಿಯಂತೆ ಕೇಕೆ ಹಾಕಿದಳು. ಮನೆಗೆ ಬಂದ ಮೇಲೆ ಆ ಗಂಟು ಬಿಚ್ಚಿ, ಬಿಸಿ ಮಾಡಿ ಬಡಿಸಿದ್ದು ಅಕ್ಕ.

ಈಗ ನಿಮ್ಮ ವಿಷಯಕ್ಕೆ ಬರೋಣ. ಅದೇ ದಡದಲ್ಲಿ ಈಗ ಒಂದು ಹೊಟೇಲು, ಸ್ಕಾಟ್‌ಲ್ಯಾಂಡಿನ ಕಡಲತೀರದ ಊರಿನ ರುಚಿಯಂತೆ! ಮೀನಿಗೆ ಹಿಟ್ಟಿನ ರಜಾಯಿ ಹೊದಿಸಿ, ಆಲೂಗಡ್ಡೆ ಜತೆ ಪೆಟ್ಟಿಗೆಯೊಳಗೆ ಮಲಗಿಸಿ ಕೊಡುತ್ತಾರೆ. ಅದಕ್ಕೆ ನೀವು ಸಾಲು ನಿಲ್ಲುತ್ತೀರಿ. ತಿನ್ನುವ ಮೊದಲು ಅದರ ಫೋಟೋ ತೆಗೆಯುತ್ತೀರಿ, ಅಷ್ಟರಲ್ಲಿ ಅದು ತಣ್ಣಗಾಗುತ್ತದೆ. ಉಪ್ಪಿಲ್ಲ, ಹುಳಿಯಿಲ್ಲ, ಖಾರದ ಹೆಸರೇ ಇಲ್ಲ. ಇಂಥದ್ದನ್ನು ನಾನು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಅದಕ್ಕೇ ವಾರವಿಡೀ ದೋಹಾದ ವೆಸ್ಟ್ ಬೇ ಆಫೀಸಿನಲ್ಲಿ ದುಡಿದ ನಿಮ್ಮ ಅಮ್ಮ, ಕಳೆದ ಶುಕ್ರವಾರ ನಸುಕಿನಲ್ಲೇ ಎದ್ದು ನನಗೆಂದು ನೀರುದೋಸೆ ಹುಯ್ದು ಡಬ್ಬಿ ಕಟ್ಟಿದ್ದಳು.

ದಡದಲ್ಲಿ ಕೇಳಿದರೆ ನಿಮ್ಮಲ್ಲಿ ದೊಡ್ಡವಳು, "ಅಜ್ಜ, ಬಾಕ್ಸ್ ಮನೇಲೇ ಉಂಟು. ಇಲ್ಲಾದ್ರೂ ಅಮ್ಮ ಬಡಿಸೋದು ಬೇಡ, ರೆಸ್ಟ್ ಮಾಡ್ಲಿ, ಪ್ಲೀಸ್" ಎಂದಳು. ನನ್ನ ನಾಲಿಗೆಯ ತುದಿಗೆ 'ಖಲಾಸ್, ನಡೀರಿ ಮನೆಗೆ' ಬಂದೇಬಿಟ್ಟಿತ್ತು. ಅವಳ ಮುಖ ನೋಡಿದೆ. ಚಾಪೆಯ ತುದಿಯಲ್ಲಿ ಕೂತಿದ್ದ ಅಕ್ಕನ ಮುಖವೇ ಅದು. ಅತ್ತ ನಿಮ್ಮ ಅಮ್ಮ ಕಾಲು ಚಾಚಿ ಕೂತು, ಆ ಕೆಲಸಕ್ಕೆ ಬಾರದ ಮೀನನ್ನು ಬೆರಳು ನೆಕ್ಕಿ ತಿನ್ನುತ್ತಿದ್ದಳು.

ಮುಂದಿನ ಶುಕ್ರವಾರ ನನಗೆ ಯಾರೂ ಡಬ್ಬಿ ಕಟ್ಟುವುದು ಬೇಡ. ಆ ರಜಾಯಿ ಹೊದ್ದ ಮೀನನ್ನೇ ತಿನ್ನುತ್ತೇನೆ. ಬೈಯುತ್ತಲೇ ತಿನ್ನುತ್ತೇನೆ.