ಎರಡು ಬೀಗದ ಕಂಪ್ಯೂಟರ್ ರೂಮು

ಇವತ್ತು ಬೆಳಿಗ್ಗೆ ನಮ್ಮ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಡಬ್ಬ ಬಿಚ್ಚಿದ ಕೂಡಲೇ ಅದೇ ಹೊಸ ಪ್ಲಾಸ್ಟಿಕ್ಕಿನ ವಾಸನೆ. ನಿಮಗದು ಹಿತವೋ ಏನೋ, ನನಗಂತೂ ಹಳೆಯ ಸಿಟ್ಟೊಂದನ್ನು ಕೆದಕುತ್ತದೆ. ಎದ್ದು ವರಾಂಡಕ್ಕೆ ಹೋದೆ, ಬಂದೆ, ಮತ್ತೆ ಹೋದೆ.

ತೊಂಬತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ಒಂದು ಸರ್ಕಾರಿ ಕಚೇರಿಗೆ ನಾನು ಹೊಸದಾಗಿ ಗುಮಾಸ್ತೆಯಾಗಿ ಸೇರಿದ್ದೆ. ಹಳೆಯ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಯೋಜನೆ ಬಂತು. ಅದಕ್ಕೊಂದು ಏಸಿ ರೂಮು. ಚಪ್ಪಲಿ ಹೊರಗೇ ಬಿಡಬೇಕು, ಗರ್ಭಗುಡಿಯ ಹಾಗೆ. ಸರಿ, ಮೇಲ್ವಿಚಾರಣೆ ಯಾರದು? "ದಾಖಲೆ ನಮ್ದು, ರೂಮೂ ನಮ್ದು" ಅಂದರು ನಮ್ಮ ಸಾಹೇಬರು. "ಮಷೀನ್ ನಮ್ದು ಕಣ್ರೀ" ಅಂದರು ಕಂಪ್ಯೂಟರ್ ಕಳಿಸಿದ ಇಲಾಖೆಯ ಸಾಹೇಬರು. ಕೊನೆಗೆ ಖಜಾನೆಯ ಪದ್ಧತಿಯಂತೆ ಒಂದೇ ಬಾಗಿಲಿಗೆ ಎರಡು ಬೀಗ ಬಿತ್ತು, ಇಬ್ಬರ ಜೇಬಲ್ಲಿ ಒಂದೊಂದು ಬೀಗದ ಕೈ. ಒಬ್ಬರು ನೆಂಟರನ್ನು ಕರಕೊಂಡು ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋದರೆ, ಆನೆಗಳ ಸ್ನಾನ ಮುಗಿಯುವ ತನಕ ಸರ್ಕಾರದ ಗಣಕೀಕರಣ ಬಂದ್!

ಒಳಗೆ ಕೂತು ಟೈಪ್ ಮಾಡುತ್ತಿದ್ದವಳು ಗಿರಿಜಕ್ಕ. ದಿನಾ ಭದ್ರಾವತಿಯಿಂದ ಬಸ್ಸಲ್ಲಿ ಬರುತ್ತಿದ್ದಳು. ಗಂಡನ ಕಾರ್ಖಾನೆ ಕೆಲಸ ಹೋಗಿತ್ತು. ಇವಳ ಹಂಗಾಮಿ ನೌಕರಿಯ ಮೇಲೇ ಮನೆ ನಡೀಬೇಕು. ಪಕ್ಕದಲ್ಲಿ ಕೂತು ದಾಖಲೆ ಓದಿ ಹೇಳುವುದು ನನ್ನ ಕೆಲಸ. ಬೀಗ ತೆಗೆಯದ ದಿನ ಇಬ್ಬರೂ ಹೊರಗಿನ ಬೆಂಚಿನ ಮೇಲೆ. ನಾನು ಕೂತಲ್ಲಿ ಕೂರಲಾರದೆ ಬೈಯುತ್ತಿದ್ದೆ. "ಸುಮ್ನಿರೇ ಮಾರಾಯ್ತಿ, ಬಿಪಿ ಏರಿಸ್ಕೋಬೇಡ" ಅನ್ನುತ್ತಾ ಅವಳು ರಾತ್ರಿಯ ಅಡುಗೆಗೆ ಬೀನ್ಸಿನ ನಾರು ತೆಗೆಯುತ್ತಿದ್ದಳು.

ಅಷ್ಟರಲ್ಲಿ ಕಾಯಂ ಹುದ್ದೆಗೆ ಅರ್ಜಿ ಕರೆದರು. ಗಿರಿಜಕ್ಕನಿಗೆ ಅನುಭವ ಪತ್ರ ಬೇಕು, ಅದಕ್ಕೆ ಮೇಲ್ವಿಚಾರಕರ ಸಹಿ ಬೇಕು. ನೋಡಿ ತಮಾಷೆ! ಉದ್ಘಾಟನೆಯ ದಿನ ಟೇಪು ಕತ್ತರಿಸಲು ನಾ ಮುಂದು ತಾ ಮುಂದು ಅಂತ ನುಗ್ಗಿದ್ದ ಇಬ್ಬರೂ ಈಗ ಮೆಲ್ಲಗೆ ಜಾರಿಕೊಂಡರು. ಸಹಿ ಹಾಕಿದರೆ ನಾಳೆ ಆಡಿಟ್ಟಿನವರು ತಪ್ಪನ್ನೆಲ್ಲ ತಮ್ಮ ತಲೆಗೇ ಕಟ್ಟುತ್ತಾರೆಂಬ ಭಯ. "ಮಷೀನ್ ಅವ್ರದಲ್ವೇನಮ್ಮಾ?" ಅಂತ ಇವರು, "ದಾಖಲೆ ಅವ್ರದಲ್ವಾ?" ಅಂತ ಅವರು.

ಒಂದು ಬೆಳಿಗ್ಗೆ ಇಬ್ಬರೂ ಬೀಗ ತೆಗೆಯಲು ಬಂದಾಗ ಗಿರಿಜಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಸಾರ್, ನಾನು ಯಾರ ಕೈಕೆಳಗೆ ಕೆಲಸ ಮಾಡ್ತಿದೀನಿ? ಅಷ್ಟು ಹೇಳಿ, ದಾರಿ ಬಿಡ್ತೀನಿ."

ಇಬ್ಬರೂ ಬೀಗದ ಕೈಗಳನ್ನು ಮತ್ತೆ ಜೇಬಿಗೆ ಇಳಿಸಿದರು. "ಮೇಲಕ್ಕೆ ಬರೆದು ಕೇಳೋಣ" ಅಂದರು. ಅದೊಂದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತ! 'ಜಂಟಿಯಾಗಿ ನೋಡಿಕೊಳ್ಳಿ' ಅಂತ ಉತ್ತರ ಬರುವಷ್ಟರಲ್ಲಿ ಅರ್ಜಿಯ ಗಡುವು ಮುಗಿದಿತ್ತು. ಹಂಗಾಮಿಯವರನ್ನೂ ತೆಗೆದರು. ಅವತ್ತು ಬಂದ ಸಿಟ್ಟು ನನಗಿನ್ನೂ ಆರಿಲ್ಲ.

ಇವತ್ತು ಮಧ್ಯಾಹ್ನ ಹೊರಗುತ್ತಿಗೆಯ ಹುಡುಗಿ ಸುಮಾ ಒಂದು ಹಾಳೆ ಹಿಡಿದು ನನ್ನ ಟೇಬಲ್ಲಿನ ಮುಂದೆ ನಿಂತಳು. ಅನುಭವ ಪತ್ರ ಆಫೀಸಿನವರು ಕೊಡಬೇಕು ಅಂತ ಏಜೆನ್ಸಿ, ಏಜೆನ್ಸಿಯೇ ಕೊಡಬೇಕು ಅಂತ ನಮ್ಮ ಮ್ಯಾನೇಜರು. ನಾನೀಗ ಶಾಖೆಯ ಮುಖ್ಯಸ್ಥೆ. ಪೆನ್ನು ತೆಗೆದೆ.

"ಮೇಡಂ, ಅವ್ಳು ನಿಮ್ಮ ಅಂಡರಲ್ಲಿ ಬರಲ್ಲ!" ಮ್ಯಾನೇಜರು ಕೂತಲ್ಲಿಂದಲೇ ಕೂಗಿದರು. "ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀರಿ?"

"ಅವಳು ಕೆಲಸ ಮಾಡಿದ್ದನ್ನ ದಿನಾ ಕಣ್ಣಾರೆ ನೋಡಿದೀನಿ ಅಂತ ಹೇಳ್ತೀನಿ."

ಸಹಿ ಹಾಕಿ, ಟೇಬಲ್ಲು ಅದುರುವ ಹಾಗೆ ಸೀಲು ಗುದ್ದಿದೆ.