ನಮ್ಮವ್ವನ ಆಕಳಿಕಿ, ನನ್ನ ನೋಟಬುಕ್ಕು

ಸ್ವಲ್ಪ ತಡೀರಿ. ಮೊಬೈಲಿನ ಪರದಿ ಬೆರಳಿಲೆ ಮ್ಯಾಲ ಸರಿಸಬ್ಯಾಡ್ರಿ. ಇದನ್ನ ಓದ್ಕೋತ ಓದ್ಕೋತ ನಿಮಗೊಂದು ಆಕಳಿಕಿ ಬರ್ತದ, ಬರೋತನಕ ಕಾಯ್ರಿ. ನನಗಂತೂ ಟೈಪ್ ಮಾಡಾಕ ಕುಂತಾಗಿಂದ ಮೂರು ಆಗ್ಯಾವ. ಆಕಳಿಕಿ ಅಂದ್ರ ನಗೋ ವಿಷಯ ಅಂತ ನಾನೂ ನಾಕು ತಿಂಗಳು ತಿಳ್ಕೊಂಡಿದ್ದೆ. ಆ ನಾಕು ತಿಂಗಳು ನಮ್ಮವ್ವ ನನ್ನ ಕಣ್ಮುಂದನ ಸೊರಗಾಕತ್ತಿದ್ಳು, ನಾ ಬಾಜೂಕ ಕುಂತು ಎಣಸಾಕತ್ತಿದ್ದೆ.

ನಮ್ದು ಶಹಾಪುರ. ಅವ್ವ ಬಸ್ ಸ್ಟ್ಯಾಂಡ್ ಹತ್ರ ಒಂದು ಖಾನಾವಳ್ಯಾಗ ರೊಟ್ಟಿ ಬಡೀತಿದ್ಳು. ನಸುಕಿನ್ಯಾಗ ಹೋಗಿ, ಮಧ್ಯಾಹ್ನ ಮನಿಗಿ ಬಂದು ಕಂಬಕ್ಕ ಬೆನ್ನ ಹಚ್ಚಿ ಕುಂತ್ಲಂದ್ರ ಓಣಿ ಹೆಣ್ಮಕ್ಳು ಕೂಸುಗಳನ್ನ ಎತ್ಕೊಂಡು ಬರೋರು. ಯಾಕಂದ್ರ ಅವ್ವಗ ನೆದರು ತೆಗಿಯೋದು ಬರ್ತದ. ಕೂಸು ಹಾಲು ಕುಡಿವಲ್ದು, ಸುಮ್ನ ರಚ್ಚಿ ಹಿಡದದ ಅಂದ್ರ ಯಾರದೋ ಕಣ್ಣು ತಾಗ್ಯಾದ ಅಂತ ಲೆಕ್ಕ. ಉಪ್ಪು, ಒಣ ಮೆಣಸಿನಕಾಯಿ, ಎರಡು ಕಸಬರಿಗಿ ಕಡ್ಡಿ ಮುಟಗ್ಯಾಗ ಹಿಡದು, ಕೂಸಿಗಿ ಮೂರು ಸಲ ನಿವಾಳಿಸಿ, ಒಲಿಯಾಗ ಒಗೀಬೇಕು. ಅಷ್ಟು ಮಾಡೋದ್ರಾಗ ತೆಗಿಯೋರಿಗಿ ಆಕಳಿಕಿ ಬಂದ್ರ ನೆದರು ಖರೇ. ಆಕಳಿಕಿ ಎಷ್ಟು ಹೆಚ್ಚು ಬರ್ತಾವೋ ನೆದರು ಅಷ್ಟು ಜಬರ್ದಸ್ತ್.

ನಾ ಓದಿದ್ದು ಪಿಯುಸಿ, ಕೆಲಸ ಝೆರಾಕ್ಸ್ ಅಂಗಡ್ಯಾಗ. ಆದ್ರ ನನಗೊಂದು ಹುಚ್ಚದ. ಒಂದು ಮಾತಿಗಿ ಯಾರ್ಯಾರು ಏನೇನಂತಾರ, ಏನೇನು ಅರ್ಥ ಹಚ್ಚತಾರ ಅಂತ ಕೇಳಿ ಕೇಳಿ ಬರದಿಡೋದು. ಯಾರೂ ಕಲಿಸಿಲ್ಲ, ನಾನ ಕಲ್ತದ್ದು. ನಮ್ಮ ಮನ್ಯಾಗ ಆಕಳಿಕಿ. ಬಾಜು ಮನ್ಯಾಕಿಗಿ ನಾ ಖಾಲಾ, ಅಂದ್ರ ಚಿಗವ್ವ, ಅಂತೀನಿ; ಆಕಿ ಆಕಳಿಕಿಗಿ ಉರ್ದುವಿನ್ಯಾಗ ಜಮಾಯಿ ಅಂತಾಳ. ಗುರುಮಠಕಲ್ಲಿನ ಅತ್ತಿ ಮನಿಗಿ ಹೋದ್ರ ಅಲ್ಲಿ ತೆಲುಗಿನ್ಯಾಗ ಆವಲಿಂತ. ಇನ್ನ ಅರ್ಥ ಕೇಳ್ರಿ. ನಮ್ಮಜ್ಜ ಬಾಯಿ ಮುಂದ ಟಕ್ ಟಕ್ ಚಿಟಿಕಿ ಹೊಡದು "ಶಿವ ಶಿವ" ಅಂತಿದ್ದ, ಹಂಗ ಮಾಡಲಿಲ್ಲಂದ್ರ ಆಯುಷ್ಯ ಹೊರಗ ಹೋಗ್ತದಂತ. ಖಾಲಾ ಕೈ ಹಿಂಬದಿಲೆ ಬಾಯಿ ಮುಚ್ಚತಾಳ, ಇಲ್ಲಂದ್ರ ಸೈತಾನ ಒಳಗ ಬರ್ತಾನಂತ. ಸಾಲ್ಯಾಗ ನಮ್ಮ ಮಾಸ್ತರು "ಹಾಸಿಗಿ ತರಸ್ಲೇನವ್ವ ನಿನಗ?" ಅಂತಿದ್ರು, ಅಂದ್ರ ಅವರ ಲೆಕ್ಕದಾಗ ಅದು ಮೈಗಳ್ಳತನ. ಬಾಯಿ ಒಂದ, ಒಬ್ರಿಗಿ ಒಳಗ ಬರೋ ಅಂಜಿಕಿ, ಒಬ್ರಿಗಿ ಹೊರಗ ಹೋಗೋ ಅಂಜಿಕಿ!

ಇದ ಖುಷಿಯೊಳಗ ಅವ್ವನ ಆಕಳಿಕಿಗಿ ಬ್ಯಾರೆ ಒಂದು ನೋಟಬುಕ್ಕು ಮಾಡಿದೆ. ತಾರೀಖು, ಯಾರ ಕೂಸು, ಏನ ತ್ರಾಸು, ಆಕಳಿಕಿ ಎಷ್ಟು. "ಮುದನಾಳದ ಕೂಸು, ಹಲ್ಲು ಬರಾಕತ್ಯಾವ, ಐದು." "ಸುರಪುರದಿಂದ ಬಸ್ಸಿಗಿ ಬಂದ ಹೊಸ ಸೊಸಿ, ತಲಿನೋವು, ಹನ್ನೊಂದು." ಸುರಪುರತನಕ ಹೆಸರು ಹೋಗಿತ್ತು ನೋಡ್ರಿ! ಆಕಳಿಕಿ ಹೆಚ್ಚಾದಂಗ ಬರೋರೂ ಹೆಚ್ಚಾದ್ರು. ನನಗ ಹೆಮ್ಮಿ.

ಖಾಲಾ ಅಂತೂ ವಾರಕ್ಕೊಮ್ಮೆ ಮೊಮ್ಮಗಳನ್ನ ತರಾಕಿ. ನಿವಾಳಿಸೋದು ಮುಗಿಯೋದ್ರಾಗ ನನ್ನ ಕಡಿ ಹೊಳ್ಳಿ ಕೇಳಾಕಿ.

"ಎಷ್ಟು ಬಂದ್ವಬೇ?"

"ಒಂಬತ್ತು, ಖಾಲಾ."

"ಯಾ ಅಲ್ಲಾ! ಅದ ಆ ಹಾಲಿನಾಕಿ ಕಣ್ಣು. ನಾ ಹೇಳಿದ್ದಿಲ್ಲ?"

ಅವ್ವ ಕಂಬಕ್ಕ ತಲಿ ಆನಿಸಿ, "ಪಾಪ ಆಕಿಗ್ಯಾಕ ಅಂತೀಯವ್ವ. ತನ್ನ ಎಮ್ಮಿ ನೋಡಾಕ ಆಕಿಗಿ ಪುರಸತ್ತಿಲ್ಲ, ನಿನ್ನ ಮೊಮ್ಮಗಳನ್ನ ಎಲ್ಲಿ ನೋಡ್ಯಾ..." ಅನ್ನೋದ್ರಾಗ ಬಾಯಿ ಹಂಗ ತೆರಕೊಂಡು ನಿಂತು ಬಿಡ್ತು.

"ಬರಕೋ ಬರಕೋ, ಹತ್ತು!" ಅಂತ ಖಾಲಾ ಚಪ್ಪಾಳಿ ಹೊಡದ್ಳು. ನಾ ಬರಕೊಂಡೆ.

ಬರೀಲಾರದ್ದು ಏನೇನಿತ್ತು ಅಂತ ಈಗ ನೆನಪಾಗ್ತದ. ಅವ್ವನ ರೊಟ್ಟಿ ಚಂದ್ರನಂಗ ಇರ್ತಿದ್ವು, ತುದಿ ಹರಿಯಾಕ ಹತ್ತಿದ್ವು. ಖಾನಾವಳಿ ಮಾಲಕಿ "ಯಾಕಕ್ಕ, ಕೈ ಎಲ್ಲಿ ಇಟ್ಟು ಬಂದೀ?" ಅಂತ ಕೇಳಿದ್ಳಂತ. ಸೆರಗಿನ ತುದ್ಯಾಗ ಹಸಿ ಅಕ್ಕಿ ಗಂಟು ಹಾಕ್ಕೊಂಡು ದಿನಾ ಕಟಕಟ ತಿಂತಿದ್ಳು. ನಮ್ಮ ಮನಿ ಮೂರು ಮೆಟ್ಟಲ ಹತ್ತಾಕ ನಡುವ ಒಂದು ಸಲ ನಿಲ್ತಿದ್ಳು. "ಅವರಿವರ ನೆದರೆಲ್ಲಾ ನನಗ ಹತ್ಯಾದ ಕಾಣ್ತದಬೇ" ಅಂತ ಒಂದಿನ ಅಂದ್ಳು. ಮಾತು ಭಾಳ ಚಂದದ ಅಂತ ಅದನ್ನ ಮಾತ್ರ ಬರದಿಟ್ಟೆ. ಹಿಂಗ ಇದ್ದೆ ನಾನು.

ಒಂದು ಅಮಾವಾಸ್ಯಿ. ಓಣಿ ಮಂದಿ ಅರ್ಧಕ್ಕರ್ಧ ಅಬ್ಬೆತುಮಕೂರು ಮಠಕ್ಕ ಹೋಗಿದ್ರು. ಯಾರ ಕೂಸೂ ಬಂದಿದ್ದಿಲ್ಲ. ರೂಢಿ ಮ್ಯಾಲ ನಾ ನೋಟಬುಕ್ಕು ತೆಗದು ಕುಂತಿದ್ದೆ. ಅವ್ವನ ಕೈಯಾಗ ಉಪ್ಪಿಲ್ಲ, ಮೆಣಸಿನಕಾಯಿ ಇಲ್ಲ. ಚಾ ಕೊಟ್ಟಿದ್ದೆ, ಬಟ್ಲ ಎತ್ತಿದ್ದಿಲ್ಲ. ಒಂದು ಆಕಳಿಸಿದ್ಳು. ಮತ್ತೊಂದು. ಚಾ ಆರಿ ಕೆನಿ ಕಟ್ಟೋದ್ರಾಗ ಹದಿನಾಕು.

"ಯವ್ವಾ, ಯಾರ ನೆದರು ತೆಗಿಯಾಕತ್ತಿ?" ಅಂದೆ, ಚೇಷ್ಟಿಗಿ.

"ಯಾರದೂ ಇಲ್ಲ ಹುಚ್ಚಿ. ದಣದೀನಿ," ಅಂದ್ಳು. ಕಣ್ಣು ತೆರೀಲಿಲ್ಲ.

ನಾ ಹಾಳಿ ಹಿಂದಕ್ಕ ತಿರುವಿದೆ. ಖಾಲಾನ ಮೊಮ್ಮಗಳು ಮೊದಲನೇ ಸಲ ಬಂದಾಗ ಎರಡು. ಆಮ್ಯಾಲ ನಾಕು. ಆಮ್ಯಾಲ ಏಳು. ಹ್ವಾದ ವಾರ ಹತ್ತು. ಕೂಸು ನೋಡಿದ್ರ ಗುಂಡ ಗುಂಡಕ ಆಡ್ಕೋತ ಅದ. ಹಂಗಾದ್ರ ಹೆಚ್ಚಾಗಿದ್ದು ಯಾರ ತ್ರಾಸು?

ಮರುದಿನ ಅಂಗಡಿಗಿ ರಜಾ ಹೇಳಿ ಅವ್ವನ್ನ ದವಾಖಾನಿಗಿ ಕರ್ಕೊಂಡು ಹೋದೆ. ಡಾಕ್ಟರಮ್ಮ ಅವ್ವನ ಕಣ್ಣಿನ ಕೆಳಗಿನ ರೆಪ್ಪಿ ಬೆರಳಿಲೆ ಜಗ್ಗಿ ನೋಡಿದ್ರು. ಒಳಗ ಕೆಂಪ ಇರಬೇಕಾದ್ದು ತೊಳದ ಅರಿವಿ ಗತೆ ಬೆಳ್ಳಗಿತ್ತು. ರಕ್ತ ಪರೀಕ್ಷಾ ಆತು. ಮೈಯಾಗ ರಕ್ತ ಭಾಳ ಕಮ್ಮಿ ಆಗ್ಯಾದ, ಹಸಿ ಅಕ್ಕಿ ತಿನ್ನಬೇಕನಸೋದೂ ಅದಕ್ಕ ಅಂದ್ರು.

"ಎಷ್ಟು ದಿನದಿಂದ ಹಿಂಗ ಸುಸ್ತದ?"

"ನಿನ್ನಿ ಮೊನ್ನಿಂದ್ರಿ," ಅಂದ್ಳು ನಮ್ಮವ್ವ.

ನಾ ಚೀಲದಾಗಿಂದ ನೋಟಬುಕ್ಕು ತೆಗದು ಟೇಬಲ್ ಮ್ಯಾಲ ಇಟ್ಟೆ. ಅವರು ಎರಡು ಹಾಳಿ ತಿರುವಿ, "ಇವು ಯಾರ್ಯಾರದೋ ಕೂಸು ಅವಲ್ಲಮ್ಮ?" ಅಂದ್ರು.

"ಹೌದ್ರಿ. ಆದ್ರ ಆಕಳಿಸಿದಾಕಿ ಎಲ್ಲಾ ಕಡಿ ಒಬ್ಬಾಕೇರಿ."

ಅವರು ನನ್ನ ಮಾರಿ ನೋಡಿದ್ರು. ಆಮ್ಯಾಲ ಕಡೀ ಹಾಳಿತನಕ ಸಾವಕಾಶ ಓದಿ, ಚೀಟಿ ಮ್ಯಾಲ "ನಾಲ್ಕು ತಿಂಗಳಿಂದ" ಅಂತ ಬರದ್ರು. ಅವ್ವ ತಲಿ ಬಗ್ಗಿಸಿ ಸೆರಗಿನ ಅಕ್ಕಿ ಗಂಟು ಬಿಚ್ಚಾಕತ್ತಿದ್ಳು.

ಎರಡು ಬಾಟ್ಲಿ ರಕ್ತ ಏರಿಸಿದ್ರು, ಗುಳಗಿ ಕೊಟ್ಟಾರ. ಈಗ ನಸುಕಿನ್ಯಾಗ ಖಾನಾವಳಿಗಿ ನಾ ಹೋಗ್ತೀನಿ, ರೊಟ್ಟಿ ಬಡದು, ಅಲ್ಲಿಂದ ಹಂಗ ಝೆರಾಕ್ಸ್ ಅಂಗಡಿಗಿ. ನನ್ನ ರೊಟ್ಟಿ ಚಂದ್ರನಂಗ ಇಲ್ರಿ, ದೇಶದ ನಕಾಶದಂಗ ಸೊಟ್ಟ ಬರ್ತಾವ. ಅವ್ವನ ಮೈಯಾಗ ಇನ್ನೂ ಪೂರಾ ಬಲ ಬಂದಿಲ್ಲ, ಆದ್ರ ಮೆಟ್ಟಲ ನಿಲ್ಲದಂಗ ಹತ್ತತಾಳ.

ಇವತ್ತ ಐತವಾರ, ಖಾಲಾ ಮೊಮ್ಮಗಳನ್ನ ತಂದ್ಳು. ಅವ್ವ ನಿವಾಳಿಸಿ ಒಲಿಯಾಗ ಒಗದ್ಳು. ಒಂದೂ ಆಕಳಿಕಿ ಇಲ್ಲ.

"ಅಕ್ಕಾ, ಏನಿದು? ನೆದರು ಹೋಗ್ಯಾದೋ ಇಲ್ಲೋ?" ಖಾಲಾನ ಮಾರಿ ಸಣ್ಣದಾತು.

ಅವ್ವ ನನ್ನ ಕಡಿ ಒಮ್ಮೆ ನೋಡಿ, ಬೇಕಂತನ ದೊಡ್ಡದಾಗಿ ಬಾಯಿ ತೆರದ್ಳು. "ಹಾಂ, ಈಗ ಹ್ವಾತು ನೋಡು," ಅಂತ ಖಾಲಾಗ ಸಮಾಧಾನ. ಅವ್ವಂದು ಸುಳ್ಳು, ಆದ್ರ ಅದನ್ನ ನೋಡಿ ನನಗ ಖರೇನ ಬಂದು ಬಿಡ್ತು. ಒಂದು, ಹಿಂದನ ಇನ್ನೊಂದು. ಅವ್ವ ಕೂಸನ್ನ ಖಾಲಾನ ತೊಡಿಮ್ಯಾಲ ಇಟ್ಟು, ಎದ್ದು ಬಂದು, ಉಪ್ಪು ಹತ್ತಿದ ಬೆರಳಿಲೇನ ನನ್ನ ಕಣ್ಣಿನ ರೆಪ್ಪಿ ಕೆಳಗ ಜಗ್ಗಿ ನೋಡಿದ್ಳು. ಕಣ್ಣು ಉರೀತು.

"ಕೆಂಪದ," ಅಂದ್ಳು. "ಹೋಗಿ ಮಕ್ಕೋ."

ಮಕ್ಕೊಳ್ಳೋಕಿಂತ ಮೊದಲು ಇದನ್ನ ಬರದೀನಿ. ನಿಮ್ಮ ಮನ್ಯಾಗ ಭಾಳ ಆಕಳಿಸೋರು ಯಾರು? ಅದಕ್ಕ ನೀವು ಇಷ್ಟು ದಿನ ಏನಂತ ಅರ್ಥ ಹಚ್ಚೀರಿ? ಮೊದಲ ಎದ್ದು ಅವರ ಕಣ್ಣಿನ ರೆಪ್ಪಿ ಜಗ್ಗಿ ನೋಡ್ರಿ, ಕೈ ತೊಳಕೊಂಡು ನೋಡ್ರಿ ಮತ್ತ. ಆಮ್ಯಾಲ ಬಂದು ಕೆಳಗ ನಿಮ್ಮ ಕಥಿ ಬರೀರಿ.