ಅಮ್ಮ ಮತ್ತೊಮ್ಮೆ ಬರೆದ ಲೆಕ್ಕದ ಪರೀಕ್ಷೆ

ಕಣ್ಣಿನ ಪೊರೆ ತೆಗೆಸಿಕೊಂಡ ಅಮ್ಮನಿಗೆ ಡಾಕ್ಟರು ಒಂದು ತಿಂಗಳು ಸೂಜಿ-ದಾರ ಮುಟ್ಟಬಾರದೆಂದರು. ಹೊಸಂಗಡಿ ಪೇಟೆಯಲ್ಲಿ ನಲವತ್ತು ವರ್ಷ ರವಿಕೆ ಹೊಲಿದವಳು ಸುಮ್ಮನೆ ಕೂರುವುದು ಹೇಗೆ? ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನಾನು ಸಂಜೆ ಬಂದು ಅವಳಿಗೊಂದು ಕಾದಂಬರಿ ಓದಿ ಹೇಳತೊಡಗಿದೆ. ಅದರ ನಾಯಕಿ ಸತ್ತ ಮರುಗಳಿಗೆಯೇ ಹದಿನಾರರ ಹುಡುಗಿಯಾಗಿ ತನ್ನ ಹಳೆಯ ಮನೆಯಲ್ಲಿ ಕಣ್ಣು ಬಿಡುತ್ತಾಳೆ. ಬದುಕು ಪ್ರತಿಸಲವೂ ಬೇರೆ ದಾರಿ ಹಿಡಿಯುತ್ತದೆ.

ಮೂರನೆಯ ಸಾವಿಗೆ ಅಮ್ಮ ನನ್ನನ್ನು ತಡೆದಳು. "ಪುನಃ ಸತ್ತಳಾ? ಎಂತ ಅವಸ್ಥೆ ಮಾರಾಯ್ತಿ! ಹಾಗಾದರೆ ಹತ್ತನೇ ಕ್ಲಾಸಿನ ಪರೀಕ್ಷೆ ಸಹ ಪುನಃ ಬರೀಬೇಕಾ?"

"ಬರೀಬೇಕಾಗ್ತದೋ ಏನೋ."

"ಪುಣ್ಯವಂತೆ. ಅವಳಿಗೆ ಇನ್ನೊಂದು ಚಾನ್ಸ್ ಉಂಟು."

ಬಿಡಿಸಿ ಕೇಳಿದಾಗಲೇ ನನಗೆ ಗೊತ್ತಾದದ್ದು. ಅಮ್ಮ ಹತ್ತನೆಯಲ್ಲಿ ಲೆಕ್ಕಕ್ಕೆ ಫೇಲಾಗಿದ್ದಳು. ಮತ್ತೆ ಬರೆಯುವ ಮೊದಲೇ ಮದುವೆ ನಿಶ್ಚಯವಾಗಿತ್ತು. ನಮಗೆಲ್ಲ "ಹತ್ತರವರೆಗೆ ಓದಿದ್ದೇನೆ" ಎಂದಷ್ಟೇ ಹೇಳುತ್ತಿದ್ದಳು.

ಜಗಲಿಯಲ್ಲಿದ್ದ ಅಪ್ಪನ ಕಿವಿ ನೆಟ್ಟಗಾಯಿತು. ಅವರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. "ಪಾಸಾಗಿದ್ದರೆ ನನ್ನನ್ನು ಮದುವೆ ಆಗ್ತಿದ್ದೆಯಾ?"

"ಟೀಚರಾಗಿ ನಿಮ್ಮ ಬಸ್ಸಿನಲ್ಲೇ ದಿನಾ ಬಾಯಾರು ಶಾಲೆಗೆ ಹೋಗ್ತಿದ್ದೆ. ಟಿಕೆಟ್ ಮಾತ್ರ ತೆಗೀತಿರಲಿಲ್ಲ!"

ನಕ್ಕು ನಕ್ಕು ಅಪ್ಪನಿಗೆ ಕೆಮ್ಮೇ ಬಂತು.

"ಅಮ್ಮ, ಪುನಃ ಬರೆಯಲಿಕ್ಕೆ ಸಾಯಬೇಕಂತ ಇಲ್ಲ," ಎಂದು ನಾನು ತುಲ್ಯತಾ ಪರೀಕ್ಷೆಯ ವಿಷಯ ಹೇಳಿದೆ. ಓದು ಬಿಟ್ಟ ದೊಡ್ಡವರೂ ಹತ್ತನೆಯದನ್ನು ಬರೆಯಬಹುದು, ಭಾನುವಾರ ಕ್ಲಾಸು ಇರುತ್ತದೆ. ಕಾದಂಬರಿ ಮುಗಿದ ದಿನ ಅಮ್ಮ ಹೊಸ ಕನ್ನಡಕ ಒರೆಸುತ್ತ ಕೇಳಿದಳು: "ಆ ಫಾರಂ ಎಲ್ಲಿ ಸಿಗ್ತದೆ?"

ಭಾನುವಾರದ ಕ್ಲಾಸಿನ ಬೆಂಚಿನಲ್ಲಿ ಅವಳ ಪಕ್ಕ ಶಿರಿಯ ಊರಿನ ಮೀನು ಮಾರುವ ಹೆಂಗಸು ಕೂರುತ್ತಿದ್ದಳು. ಇಬ್ಬರಿಗೂ ಬೀಜಗಣಿತ ತಲೆಗೆ ಹತ್ತುತ್ತಿರಲಿಲ್ಲ. "ಈ ಎಕ್ಸ್ ಯಾರು ಮಾರಾಯ್ರೆ? ಎದುರು ಬಂದರೆ ಅಳತೆ ತೆಗೀಬಹುದಿತ್ತು," ಎಂದು ಅಮ್ಮ ಕೇಳಿದ್ದಕ್ಕೆ, ಮಗನ ವಯಸ್ಸಿನ ಮಾಸ್ತರರು ಎಕ್ಸನ್ನು ರವಿಕೆಯ ತೋಳು ಮಾಡಿ ಲೆಕ್ಕ ಬಿಡಿಸಿದರಂತೆ. ಅಂದಿನಿಂದ ಅಮ್ಮ ಹೊಲಿಗೆಯ ಸೀಮೆಸುಣ್ಣದಿಂದ ಅಂಗಡಿಯ ಮೇಜಿನ ಮೇಲೆಲ್ಲ ಸಮೀಕರಣ ಬರೆಯತೊಡಗಿದಳು.

ಲೆಕ್ಕದ ಪರೀಕ್ಷೆಯ ದಿನ ಅವಳು ತಿಂಡಿ ಮುಟ್ಟಲಿಲ್ಲ. ಅಪ್ಪ ಜೊತೆಗೆ ಹೋಗಿ ಗೇಟಿನ ಹತ್ತಿರವೇ ಕೂತರು. "ಎರಡು ಬಿಟ್ಟೆ, ಉಳಿದದ್ದು ಮಾಡಿದೆ," ಎನ್ನುತ್ತ ಹೊರಬಂದಳು.

ಫಲಿತಾಂಶವನ್ನು ನಾನೇ ಫೋನಿನಲ್ಲಿ ನೋಡಿದೆ. ಲೆಕ್ಕದಲ್ಲಿ ಸಿ ಪ್ಲಸ್, ಪಾಸು. ಅಮ್ಮ ಮೂರು ಸಲ ಓದಿಸಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಆಮೇಲೆ ಶಿರಿಯದ ಗೆಳತಿಗೆ ಫೋನ್ ಮಾಡಿದಳು. ಅವಳೂ ಪಾಸು. ಇಬ್ಬರೂ ತುಳುವಿನಲ್ಲಿ ಕೂಗಾಡಿದ ರಭಸಕ್ಕೆ ಪಕ್ಕದ ಮನೆಯವರು ಏನಾಯಿತೋ ಎಂದು ಓಡಿ ಬಂದರು.

ಈಗ ಇಬ್ಬರೂ ಹನ್ನೊಂದನೆಯ ತರಗತಿಗೆ, ಅಂದರೆ ಪ್ಲಸ್ ವನ್‌ಗೆ ಸೇರಿದ್ದಾರೆ. ಭಾನುವಾರ ಅವಸರದ ರವಿಕೆ ಹಿಡಿದು ಬಂದವರಿಗೆ ಅಂಗಡಿಯ ಬಾಗಿಲಲ್ಲಿ ಅಮ್ಮನ ದುಂಡಕ್ಷರದ ಚೀಟಿ ಕಾಣುತ್ತದೆ: "ಕ್ಲಾಸು ಉಂಟು. ನಾಳೆ ಬನ್ನಿ."